ಖಾಲಿ ತೂಕ

ಪಾರ್ಕ್ಸ್ ಊರಿನಾಚೆ, ಗೋದಿ ಕಣಜಗಳ ಬುಡದಲ್ಲಿ
ನನ್ನದೊಂದು ತಗಡಿನ ಗೂಡು, ಒಂದು ಕಿಟಕಿ,
ಕಿಟಕಿಯ ಕೆಳಗೆ ಲಾರಿ ತೂಗುವ ಹಲಗೆ.
ಡಿಸೆಂಬರಿನ ಸುಗ್ಗಿ. ಹಗಲು ನಲವತ್ತು ಡಿಗ್ರಿ,
ರಾತ್ರಿ ಕತ್ತಿಗೆಲ್ಲ ಹೊಟ್ಟಿನ ನವೆ.

ಲೆಕ್ಕ ಸುಲಭ. ತುಂಬಿ ಬಂದಾಗ ಒಂದು ಸಲ,
ಸುರಿದು ಹೋಗುವಾಗ ಇನ್ನೊಂದು ಸಲ,
ಅದರಲ್ಲಿ ಇದನ್ನು ಕಳೆ, ಉಳಿದದ್ದು ಗೋದಿ.
ಖಾಲಿ ಲಾರಿಯ ತೂಕಕ್ಕೆ ಇಲ್ಲಿಯವರು ಟೇರ್ ಅನ್ನುತ್ತಾರೆ.
ಮೊದಲ ದಿನ ಚೀಟಿಯ ಮೇಲಿನ ಆ ನಾಲ್ಕಕ್ಷರವನ್ನು
ನಾನು ತಾರೆ ಎಂದು ಓದಿಕೊಂಡೆ.
ಯಾರಿಗೂ ಹೇಳಲಿಲ್ಲ.

ಡ್ರೈವರ್ ಎರಡು ಸಲವೂ ಸೀಟಿನಲ್ಲೇ ಇರುತ್ತಾನಲ್ಲ,
ಹೀಗಾಗಿ ಅವನೂ ಕಳೆದುಹೋಗುತ್ತಾನೆ,
ಅವನ ಬೂಟು, ಫ್ಲಾಸ್ಕು, ಸೀಟಿನಡಿ ಮಲಗಿದ ನಾಯಿ,
ಬೆಳಗಿನ ಜಗಳ,
ಎಲ್ಲ.

ಉತ್ತರಕ್ಕೆ, ಕುರಿಗಳ ಬಯಲು ದಾಟಿದರೆ,
ಬೆಳ್ಳನೆಯ ದೊಡ್ಡ ಬೋಗುಣಿ ಆಕಾಶಕ್ಕೆ ಬಾಯಿ ತೆರೆದು ಕೂತಿದೆ.
ರೇಡಿಯೋ ದೂರದರ್ಶಕ. ರಜೆಯಲ್ಲೊಮ್ಮೆ ಹೋಗಿ ನೋಡಿದ್ದೆ.
ಬರುವುದರಲ್ಲಿ ಮುಕ್ಕಾಲು ಬರೀ ಗದ್ದಲ, ಎಂದಳು
ಅಲ್ಲಿ ಟಿಕೆಟ್ ಹರಿಯುವ ಹುಡುಗಿ.
ಆಗ ತಿಳಿಯಿತು, ಅದೊಂದು ಮೊರ.

ಕ್ಲೆಮ್ ಹ್ಯಾಲೊರನ್ ಅವತ್ತಿನ ಕೊನೆಯ ಲಾರಿ.
ಚೀಟಿ ಕೊಟ್ಟ ಮೇಲೂ ಹೋಗಲಿಲ್ಲ.
ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ ನಡೆದು ಬಂದ,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿಯಷ್ಟು ಪೆಟ್ಟಿಗೆ.
'ಮೇವ್' ಎಂದ.
ಜುಲೈನಲ್ಲಿ ತೀರಿಕೊಂಡ ಹೆಂಡತಿ.
'ನಾಳೆ ಕೆರೆಯ ಹತ್ತಿರ ಬಿಡ್ತೀವಿ. ಅದಕ್ಕೆ ಮುಂಚೆ ಒಂದ್ಸಲ…'
ಪೆಟ್ಟಿಗೆಯನ್ನು ಹಲಗೆಯ ನಡುವೆ ಇಟ್ಟ.
ಎಂಬತ್ತು ಎಂದಿದ್ದ ಕೆಂಪು ಅಂಕಿ
ಅವನು ಕೆಳಗಿಳಿದೊಡನೆ ಸೊನ್ನೆಗೆ ಮರಳಿತು.

ಅರವತ್ತು ಟನ್ನಿನ ತಕ್ಕಡಿ. ಇಪ್ಪತ್ತು ಕಿಲೋಗೊಂದು ಮೆಟ್ಟಿಲು.
ಎರಡೂವರೆ ಕಿಲೋ ಅದರ ಕಣ್ಣಿಗೆ ಬೀಳುವುದಿಲ್ಲ.
ಏನು ಹೇಳಲಿ? ಮೆಷಿನ್ ಕೆಟ್ಟಿದೆ ಎನ್ನಲೆ?
ಕ್ಲೆಮ್ ಟೋಪಿ ಹಿಂದಕ್ಕೆ ತಳ್ಳಿ ನಕ್ಕ:
'ನಲವತ್ತಾರು ವರ್ಷದಲ್ಲಿ ಒಮ್ಮೆಯೂ
ತೂಕ ಬಿಟ್ಟುಕೊಟ್ಟವಳಲ್ಲ.'

ಗೂಡಿನ ದೀಪ ಆರಿಸಿದೆ.
ಇಲ್ಲಿ ಮಹಾವ್ಯಾಧ ತಲೆಕೆಳಗಾಗಿ ನಿಲ್ಲುತ್ತಾನೆ.
ದಕ್ಷಿಣಕ್ಕೆ, ಯಾರೋ ಹಿಟ್ಟಿನ ಕೈ ಒರೆಸಿದ ಹಾಗೆ
ಎರಡು ಬಿಳಿ ಕಲೆ. ಎರಡೂ ಬೇರೆಯದೇ ನಕ್ಷತ್ರಲೋಕ,
ಒಂದೊಂದರಲ್ಲೂ ಕೋಟಿ ಕೋಟಿ ಸೂರ್ಯರು.
ಅಲ್ಲಿಯ ತಕ್ಕಡಿಯ ಮೇಲೆ
ಈ ಕಣಜ, ಈ ಕುರಿ, ಸಮುದ್ರ ಸಮೇತ ಈ ಭೂಮಿ,
ನನ್ನ ಬಲಗಾಲಿನ ಸವೆದ ಚಪ್ಪಲಿ,
ಎಲ್ಲ ಒಟ್ಟಿಗೆ ಹತ್ತಿದರೂ ಅಂಕಿ ಮಿಸುಕದು.

ಹೆದರಿಕೆಯಾಗಬೇಕಿತ್ತು.
ಹಸಿವಾಯಿತು.
ಕ್ಲೆಮ್ ಕೇಕಿನ ಪೊಟ್ಟಣ ಬಿಚ್ಚಿದ,
ಮಗಳು ಮಾಡಿದ್ದು, ತಳ ಸೀದಿತ್ತು.

'ಅಲ್ಲಿ ಯಾರಾದ್ರೂ ಇರಬಹುದಾ?'
ಬೋಗುಣಿಯ ದಿಕ್ಕಿಗೆ ಗದ್ದ ಎತ್ತಿ ಕೇಳಿದ.
'ಅರವತ್ತು ವರ್ಷದಿಂದ ಕಿವಿಗೊಟ್ಟು ಕೂತಿದೆ.
ಇದ್ದಿದ್ರೆ ಒಬ್ಬರಾದ್ರೂ ಕೆಮ್ಮಬೇಡ್ವಾ?'

ನನಗೆ ನೆನಪಾದದ್ದು ರಾಣೆಬೆನ್ನೂರಿನ ಜೋಳದ ಅಂಗಡಿ,
ಸೇರು ಹಿಡಿದ ಸೋದರತ್ತೆ.
ಮೊದಲ ಸೇರು ಸುರಿಯುವಾಗ ಅವಳು ಒಂದು ಎನ್ನುತ್ತಿರಲಿಲ್ಲ.
ಲಾಭ ಎನ್ನುತ್ತಿದ್ದಳು,
ದೀಪ ಹಚ್ಚುವಾಗಿನ ದನಿಯಲ್ಲಿ.
ಆಮೇಲೆ ಎರಡು, ಮೂರು, ಅದೇ ಗಡಿಬಿಡಿಯ ವ್ಯಾಪಾರ.
ಕ್ಲೆಮ್‌ಗೆ ಹೇಳಿದೆ. ಅವನು ಆ ಪದವನ್ನು
ಸೀದ ಕೇಕಿನ ಜೊತೆ ಬಾಯಲ್ಲಿ ಹೊರಳಿಸಿದ.
ಲಾಬಾ. ಲಾಬಾ.
ಪೆಟ್ಟಿಗೆ ಎತ್ತಿಕೊಂಡ, ಎರಡೂ ಕೈಯಲ್ಲಿ,
ಭಾರವಿದ್ದವರ ಹಾಗೆ.

ಅವನ ಹಿಂದೀಪ ಬಯಲಿನಲ್ಲಿ ಕೆಂಪು ಚುಕ್ಕಿಯಾಗಿ, ಆರಿತು.
ನಾನು ಚೀಟಿಗಳನ್ನು ಜೋಡಿಸುತ್ತ ಕೂತೆ.
ಯಾರು ಅಳೆಯುತ್ತಿದ್ದಾರೋ, ರಾಶಿ ಎಷ್ಟು ದೊಡ್ಡದೋ,
ಇದುವರೆಗೆ ಕೇಳಿಸಿದ್ದು
ಮೊದಲ ಸೇರಿನ ಹೆಸರು ಮಾತ್ರ.
ಕತ್ತಲಲ್ಲಿ ಎಲ್ಲೋ ಬೋಗುಣಿ ಒಂದಿಷ್ಟು ವಾಲಿರಬೇಕು,
ಎರಡು ಎನ್ನುವ ದನಿಗೆ.